ಮಂತ್ರವಾದಿ ಕತೆಗಳಿಂದ ಬುದ್ಧಿ ಬೆಳೆಯುತ್ತಾ?

ಪ್ರಶ್ನೆ: ನನ್ನ ಮಗ ಹತ್ತನೇ ಕ್ಲಾಸು. ಯಾವಾಗ ನೋಡಿದರೂ ಮಂತ್ರವಾದಿ, ಡ್ರ್ಯಾಗನ್ ಅಂತ ಇಂಗ್ಲಿಷ್ ಕಾದಂಬರಿ ಹಿಡಿದಿರುತ್ತಾನೆ. ಕೇಳಿದರೆ ‘ಇದರಲ್ಲೂ ಕಲಿಯೋದಿದೆ ಅಮ್ಮಾ’ ಅನ್ನುತ್ತಾನೆ. ನಿಜವೇ? ಪರೀಕ್ಷೆ ಮುಗಿಯುವವರೆಗೆ ಕಿತ್ತಿಡಲೇ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಎಲ್ಲ ಪುಸ್ತಕಕ್ಕೂ ನಿಮ್ಮ ಮಗನ ಮಾತು ಒಪ್ಪುವುದಿಲ್ಲ ತಾಯಿ. ಹುಟ್ಟುವಾಗಲೇ ಮಹಾಶಕ್ತಿ ತಂದ ಹುಡುಗ, ಕೊನೆಗೊಂದು ಯುದ್ಧ, ಗೆಲುವು. ಇಂಥವು ರಾಶಿ ಇವೆ. ಅವುಗಳಲ್ಲಿ ನಾಯಕನೇ ಏನೂ ಕಲಿತಿರುವುದಿಲ್ಲ, ಇನ್ನು ಓದುವವನ ಮಾತೇನು!

ಆದರೆ ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ 1968ರಲ್ಲಿ ಬರೆದ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ನಿಮ್ಮ ಮಗನ ಕೈಯಲ್ಲಿದ್ದರೆ ಸುಮ್ನೆ ಬಿಟ್ಟುಬಿಡಿ. ಅದರ ನಾಯಕ ಗೆಡ್, ಗಾಂಟ್ ಅನ್ನುವ ದ್ವೀಪದ ಮೇಕೆ ಕಾಯುವ ಹುಡುಗ. ದೊಡ್ಡಮ್ಮ ಹೇಳುತ್ತಿದ್ದ ಮಂತ್ರವನ್ನು ಕದ್ದು ಕೇಳಿ ಮೇಕೆಗಳನ್ನು ಕರೆಯುತ್ತಾನೆ. ಅವು ಬರುತ್ತವೆ, ಸುತ್ತಲೂ ಒತ್ತಿಕೊಂಡು ನಿಲ್ಲುತ್ತವೆ, ಬಿಟ್ಟು ಹೋಗುವುದೇ ಇಲ್ಲ! ಕರೆಯುವುದು ಗೊತ್ತು, ಕಳಿಸುವುದು ಗೊತ್ತಿಲ್ಲ. ಮುಂದೆ ಅವನಿಗೆ ಬರುವ ಕಷ್ಟವೆಲ್ಲ ಇದೇ ಜಾತಿಯದು.

ಆಮೇಲೆ ಓಜಿಯನ್ ಅನ್ನುವ ಗುರು ಸಿಗುತ್ತಾರೆ. ಮಾತು ಬಹಳ ಕಡಿಮೆ. ಮಳೆ ಬಂದರೆ ಮಂತ್ರ ಹಾಕಿ ತಡೆಯುವುದಿಲ್ಲ, ಮರದಡಿ ಮಲಗಿಬಿಡುತ್ತಾರೆ. ‘ಪಾಠ ಯಾವಾಗ ಶುರು?’ ಅಂತ ಹುಡುಗನಿಗೆ ಅವಸರ. ಶುರುವಾಗಿದೆ ಅನ್ನುವುದೇ ಗುರುವಿನ ಉತ್ತರ. ತಾಳ್ಮೆ ಕೆಟ್ಟು ಗೆಡ್ ರೋಕ್ ದ್ವೀಪದ ಮಂತ್ರಶಾಲೆಗೆ ಹೋಗುತ್ತಾನೆ. ಅಲ್ಲೊಂದು ಒಂಟಿ ಗೋಪುರವಿದೆ. ಅಲ್ಲಿ ವಸ್ತುಗಳ ನಿಜವಾದ ಹೆಸರುಗಳನ್ನು ಬಾಯಿಪಾಠ ಮಾಡಬೇಕು. ಮಧ್ಯರಾತ್ರಿಯಾದರೆ ಹಾಳೆಯ ಶಾಯಿ ಅಳಿಸಿಹೋಗುತ್ತದೆ, ಅಷ್ಟರೊಳಗೆ ಕಲಿತಿರಬೇಕು. (ನಿಮ್ಮ ಮಗನಿಗೆ ಪೀರಿಯಾಡಿಕ್ ಟೇಬಲ್ ನೆನಪಾಗಿರಬಹುದು.)

ಇಷ್ಟು ಕಲಿತ ಮೇಲೂ ಸಹಪಾಠಿಯ ಮುಂದೆ ಜಂಬ ತೋರಿಸಲು ಹೋಗಿ ಸತ್ತವಳೊಬ್ಬಳ ಆತ್ಮವನ್ನು ಕರೆಯುತ್ತಾನೆ. ಅವಳ ಜೊತೆ ಒಂದು ನೆರಳೂ ನುಗ್ಗಿ ಬರುತ್ತದೆ. ಗೆಡ್‌ನ ಮುಖ ಸೀಳುತ್ತದೆ, ಅವನನ್ನು ಉಳಿಸಲು ಹೋಗಿ ಶಾಲೆಯ ಹಿರಿಯ ಗುರುವೇ ತೀರಿಕೊಳ್ಳುತ್ತಾರೆ. ಮುಂದೆ ನೆರಳಿಗೆ ಹೆದರಿ ದ್ವೀಪದಿಂದ ದ್ವೀಪಕ್ಕೆ ಓಡುತ್ತಾನೆ. ಕೊನೆಗೆ ‘ಓಡಬೇಡ, ತಿರುಗಿ ನಿಂತು ನೀನೇ ಅದನ್ನು ಹುಡುಕು’ ಅನ್ನುವವರು, ಪಾಠವೇ ಮಾಡುತ್ತಿಲ್ಲ ಅಂತ ಅವನು ಬಿಟ್ಟುಬಂದ ಅದೇ ಓಜಿಯನ್. ಆ ನೆರಳು ಯಾರು ಅಂತ ನಾನು ಹೇಳುವುದಿಲ್ಲ, ಮಗನನ್ನೇ ಕೇಳಿ.

ನಮ್ಮ ಮಹಾಭಾರತದ ವನಪರ್ವದಲ್ಲೂ ಒಬ್ಬ ಯವಕ್ರೀತನಿದ್ದಾನೆ. ಗುರುವಿಲ್ಲದೆ, ಓದದೆ ವೇದ ಬರಬೇಕು ಅಂತ ತಪಸ್ಸಿಗೆ ಕೂತವನು. ಇಂದ್ರ ಮುದುಕನ ವೇಷದಲ್ಲಿ ಬಂದು ಗಂಗೆಗೆ ಹಿಡಿ ಹಿಡಿ ಮರಳು ಹಾಕಿ ಸೇತುವೆ ಕಟ್ಟುತ್ತಾನೆ. ಯವಕ್ರೀತ ನಗುತ್ತಾನೆ. ‘ನೀನು ಮಾಡುತ್ತಿರುವುದೂ ಇದನ್ನೇ’ ಅನ್ನುತ್ತಾನೆ ಇಂದ್ರ. ಆದರೂ ಹಟ ಬಿಡದೆ ವರ ಪಡೆಯುತ್ತಾನೆ. ವಿದ್ಯೆ ಬಂತು, ವಿವೇಕ ಬರಲಿಲ್ಲ. ಜಂಬದಲ್ಲಿ ಮಾಡಬಾರದ್ದು ಮಾಡಿ ಸತ್ತ. ಗಿರೀಶ ಕಾರ್ನಾಡರ ‘ಅಗ್ನಿ ಮತ್ತು ಮಳೆ’ ನಾಟಕದಲ್ಲಿರುವುದು ಇದೇ ಕತೆ. ನೀವು ಆ ನಾಟಕ ಓದಿ, ಅವನು ಅರ್ಥ್‌ಸೀ ಓದಲಿ. ಊಟಕ್ಕೆ ಕೂತಾಗ ಮಾತಾಡಲು ವಿಷಯ ಸಿಗುತ್ತದೆ.

ಕಿತ್ತಿಡುವುದು ಬೇಡ. ಕಿತ್ತಿಟ್ಟ ಪುಸ್ತಕವನ್ನು ಮಕ್ಕಳು ಇನ್ನೂ ಜಾಸ್ತಿ ಓದುತ್ತಾರೆ, ಅದೂ ರಾತ್ರಿ ನಿದ್ದೆಗೆಟ್ಟು. ಪರೀಕ್ಷೆ ಮುಗಿಯುವವರೆಗೆ ದಿನಕ್ಕೊಂದು ಅಧ್ಯಾಯ ಅಂತ ಒಪ್ಪಂದ ಮಾಡಿಕೊಳ್ಳಿ.