ಸೂಜಿ ಕಂಡರೆ ಎಚ್ಚರ ತಪ್ಪುತ್ತದೆ, ಪರೀಕ್ಷೆ ತಪ್ಪಿಸುವಂತಿಲ್ಲ

ಪ್ರಶ್ನೆ: ನನಗೆ 36 ವರ್ಷ. ರುಮಟಾಯ್ಡ್ ಸಂಧಿವಾತಕ್ಕೆ ಒಂದೂವರೆ ವರ್ಷದಿಂದ ವಾರಕ್ಕೊಮ್ಮೆ ಮೆಥೋಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನೋವು ಹತೋಟಿಯಲ್ಲಿದೆ. ತೊಂದರೆ ಇರುವುದು ಮೂರು ತಿಂಗಳಿಗೊಮ್ಮೆ ರಕ್ತ ಕೊಡುವುದರಲ್ಲಿ. ಲ್ಯಾಬಿನ ಸ್ಪಿರಿಟ್ ವಾಸನೆಗೇ ಬೆವರುತ್ತೇನೆ, ಸೂಜಿ ಚುಚ್ಚಿದ ಮೇಲೆ ಕಣ್ಣು ಕತ್ತಲಾಗಿ ಬಿದ್ದುಬಿಡುತ್ತೇನೆ. ಹಿಂದಿನ ಸಲ ಕೈಕಾಲು ಅದುರಿದ್ದು ನೋಡಿ ಫಿಟ್ಸ್ ಎಂದು ಯಾರೋ ಕೈಗೆ ಬೀಗದ ಕೈ ಕೊಟ್ಟರಂತೆ. ಆಮೇಲೆ ಎರಡು ಪರೀಕ್ಷೆ ತಪ್ಪಿಸಿದ್ದೇನೆ, ಡಾಕ್ಟರಿಗೆ ಹೇಳಿಲ್ಲ. ಮನೆಯಲ್ಲಿ ‘ಧೈರ್ಯ ಮಾಡು, ಮೈ ಸಡಿಲ ಬಿಡು’ ಅನ್ನುತ್ತಾರೆ. ಮೈ ಸಡಿಲ ಬಿಟ್ಟಷ್ಟೂ ಬೇಗ ಬೀಳುತ್ತೇನೆ. – ಹೆಸರು ಬೇಡ, ದಾವಣಗೆರೆ

ಉತ್ತರ: ಮೊದಲ ಕೆಲಸ, ಪರೀಕ್ಷೆ ತಪ್ಪಿದ್ದನ್ನು ನಿಮ್ಮ ವೈದ್ಯರಿಗೆ ಈ ವಾರವೇ ಹೇಳುವುದು. ಮೆಥೋಟ್ರೆಕ್ಸೇಟ್ ಮೂಳೆ ಮಜ್ಜೆಯ ಕೆಲಸವನ್ನು ತಗ್ಗಿಸಬಹುದು, ಯಕೃತ್ತಿಗೆ (ಲಿವರ್) ಪೆಟ್ಟು ಕೊಡಬಹುದು. ಅದು ಮೈಯಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡದ ಮೂಲಕ. ಸಿಬಿಸಿ (ರಕ್ತಕಣಗಳ ಎಣಿಕೆ), ಎಸ್‌ಜಿಪಿಟಿ (ಯಕೃತ್ತಿಗೆ), ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ) ಮೂರನ್ನೂ ಬರೆದುಕೊಡುವುದು ಇದಕ್ಕೇ. ತೊಂದರೆ ಶುರುವಾದಾಗ ನಿಮಗೆ ಏನೂ ಅನ್ನಿಸದೇ ಇರಬಹುದು, ರಕ್ತದಲ್ಲಿ ಮಾತ್ರ ಕಾಣುತ್ತದೆ. ಭಯಕ್ಕೆ ಮಾತ್ರೆಯನ್ನೇ ನಿಲ್ಲಿಸಬೇಡಿ, ಪರೀಕ್ಷೆಯಿಲ್ಲದೆ ಮುಂದುವರಿಸಲೂ ಬೇಡಿ. ಬಾಯಿಹುಣ್ಣು, ಜ್ವರ, ಏದುಸಿರಿನೊಂದಿಗೆ ಒಣಕೆಮ್ಮು, ಕಣ್ಣು ಹಳದಿಯಾಗುವುದು, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನು ಬೀಳುವ ವಿಷಯ. ಹಾವು, ಎತ್ತರ, ಲಿಫ್ಟ್ ಇವುಗಳಿಗೆ ಹೆದರುವವರು ಸಾಮಾನ್ಯವಾಗಿ ಎಚ್ಚರ ತಪ್ಪುವುದಿಲ್ಲ. ಭಯ ಬಂದಾಗ ರಕ್ತದೊತ್ತಡ ಏರುತ್ತದೆ, ಏರಿದ ಒತ್ತಡದಲ್ಲಿ ಯಾರೂ ಹೀಗೆ ಬೀಳುವುದಿಲ್ಲ. ರಕ್ತ ಮತ್ತು ಸೂಜಿಯ ಭಯದ ಜಾತಿಯೇ ಬೇರೆ. ಮೊದಲು ಎದೆಬಡಿತವೂ ಒತ್ತಡವೂ ಏರಿ, ಆಮೇಲೆ ಎರಡೂ ಒಮ್ಮೆಲೇ ಕುಸಿಯುತ್ತವೆ, ಮಿದುಳಿಗೆ ಕೆಲವು ಕ್ಷಣ ರಕ್ತ ಸಾಲದಾಗುತ್ತದೆ. ಹಾಗೆ ಬಿದ್ದಾಗ ಕೈಕಾಲು ನಾಲ್ಕಾರು ಸಲ ಅದುರುವುದೂ ಉಂಟು. ಮಲಗಿಸಿದ ಕೂಡಲೇ ಎಚ್ಚರವಾಗಿ, ಎಲ್ಲಿದ್ದೇನೆಂದು ಗೊತ್ತಾದರೆ ಅದು ಮೂರ್ಛೆರೋಗ ಆಗಿರುವ ಸಾಧ್ಯತೆ ಕಡಿಮೆ. ಆದರೂ ನಡೆದದ್ದನ್ನು ವೈದ್ಯರಿಗೆ ವಿವರಿಸಿ. ಸೂಜಿಯ ಸುದ್ದಿಯೇ ಇಲ್ಲದಾಗಲೂ ಬೀಳುತ್ತಿದ್ದರೆ ಇಸಿಜಿ ಆಗಬೇಕು. (ಬೀಗದ ಕೈಯಿಂದ ಫಿಟ್ಸೂ ನಿಲ್ಲುವುದಿಲ್ಲ, ಇದೂ ನಿಲ್ಲುವುದಿಲ್ಲ. ಸೂಜಿಗೆ ಹೀಗೆ ಎಚ್ಚರ ತಪ್ಪಿದಾಗ ಮಲಗಿಸಿ ಕಾಲನ್ನು ಎತ್ತರಕ್ಕಿಟ್ಟರೆ ಸಾಕು. ಬಾಯಿಗೆ ನೀರು ಹಾಕಬಾರದು, ಎಬ್ಬಿಸಿ ಕೂರಿಸಬಾರದು.)

ನಿಮ್ಮ ಅನುಭವ ಸರಿಯಾಗಿಯೇ ಇದೆ. ಒತ್ತಡ ಕುಸಿಯುವವರಿಗೆ ‘ಸಡಿಲ ಬಿಡು’ ಎಂಬುದು ಉಲ್ಟಾ ಸಲಹೆ. ಮಾಡಬೇಕಾದದ್ದು ಮೈ ಬಿಗಿಹಿಡಿಯುವುದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಯೋರಾನ್ ಓಸ್ಟ್ 1980ರ ದಶಕದಲ್ಲಿ ರೂಪಿಸಿದ ಅಭ್ಯಾಸ ಇದು. ತೊಡೆ, ಹೊಟ್ಟೆ, ತೋಳಿನ ಸ್ನಾಯುಗಳನ್ನು ಒಟ್ಟಿಗೆ ಬಿಗಿ ಮಾಡಿ, ಮುಖಕ್ಕೆ ಬಿಸಿ ಏರುವ ತನಕ, ಅಂದರೆ 10ರಿಂದ 15 ಸೆಕೆಂಡು ಹಿಡಿಯಿರಿ. ಆಮೇಲೆ 20–30 ಸೆಕೆಂಡು ಬಿಡಿ. ಬಿಡುವುದೆಂದರೆ ಮಾಮೂಲಿ ಸ್ಥಿತಿಗೆ ಬರುವುದು, ಪೂರ್ತಿ ಜೋತುಬೀಳುವುದಲ್ಲ. ಹೀಗೆ ಐದು ಸಲ ಮಾಡಿದರೆ ಒಂದು ಸುತ್ತು. ದಿನಕ್ಕೆ ಐದು ಸುತ್ತಿನಂತೆ ಒಂದು ವಾರ ಮನೆಯಲ್ಲೇ ರೂಢಿ ಮಾಡಿಕೊಳ್ಳಿ. ಲ್ಯಾಬಿನ ಕುರ್ಚಿಯಲ್ಲಿ ಕುಳಿತು ಮೊದಲ ಸಲ ಪ್ರಯತ್ನಿಸಿದರೆ ಹಿಡಿತಕ್ಕೆ ಸಿಗುವುದಿಲ್ಲ.

ನಿಮ್ಮ ವಿಷಯದಲ್ಲಿ ಒಂದು ತಿದ್ದುಪಡಿ ಬೇಕು. ಎಲ್ಲರಿಗೂ ಹೇಳುವಂತೆ ‘ಮುಷ್ಟಿ ಬಿಗಿ ಮಾಡಿ’ ಎಂದರೆ ಊದಿದ ಬೆರಳು, ಮಣಿಕಟ್ಟು ನೋಯುತ್ತವೆ. ಮುಷ್ಟಿ ಬಿಡಿ. ಎರಡು ತೊಡೆಗಳನ್ನು ಒಂದಕ್ಕೊಂದು ಒತ್ತಿ, ಪೃಷ್ಠ ಮತ್ತು ಹೊಟ್ಟೆ ಬಿಗಿಹಿಡಿಯಿರಿ. ದೊಡ್ಡ ಸ್ನಾಯುಗಳು ಅಲ್ಲೇ ಇರುವುದರಿಂದ ಕೆಲಸ ಚೆನ್ನಾಗಿಯೇ ಆಗುತ್ತದೆ. ಜನ ಎಡವುವುದು ಎರಡು ಕಡೆ: ಬಿಗಿಹಿಡಿಯುವಾಗ ಉಸಿರನ್ನೂ ಕಟ್ಟುತ್ತಾರೆ, ಸೂಜಿ ಹೋಗುವ ಕೈಯನ್ನೂ ಬಿಗಿ ಮಾಡುತ್ತಾರೆ. ಉಸಿರು ಆಡುತ್ತಿರಬೇಕು, ಆ ಒಂದು ಕೈ ಮಾತ್ರ ಸಡಿಲವಾಗಿರಬೇಕು. ಬಿಪಿ ಹೆಚ್ಚಿರುವವರು, ಹೃದ್ರೋಗಿಗಳು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದನ್ನು ಮಾಡಬಾರದು.

ಪರೀಕ್ಷೆಯ ದಿನ ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ. ನಿಮ್ಮ ಮೂರು ಪರೀಕ್ಷೆಗೂ ಉಪವಾಸ ಬೇಕಿಲ್ಲ. ‘ರಕ್ತ ಪರೀಕ್ಷೆ ಅಂದರೆ ಖಾಲಿ ಹೊಟ್ಟೆ’ ಎಂಬ ರೂಢಿಯೇ ಎಷ್ಟೋ ಜನರನ್ನು ಬೀಳಿಸುತ್ತದೆ. ಇಡ್ಲಿಯೋ ಉಪ್ಪಿಟ್ಟೋ ತಿಂದು, ಹೊರಡುವ ಅರ್ಧ ಗಂಟೆ ಮೊದಲು ಅರ್ಧ ಲೀಟರ್ ನೀರು ಕುಡಿಯಿರಿ. ನೀರು ರಕ್ತದೊತ್ತಡವನ್ನೂ ಸ್ವಲ್ಪ ಎತ್ತಿಹಿಡಿಯುತ್ತದೆ, ನರವೂ ಸುಲಭವಾಗಿ ಸಿಗುತ್ತದೆ.

ಚುಚ್ಚುವ ನೋವೇ ಭಯದ ದೊಡ್ಡ ಭಾಗವಾಗಿದ್ದರೆ, ಲಿಡೊಕೇನ್ 2.5% ಮತ್ತು ಪ್ರಿಲೊಕೇನ್ 2.5% ಇರುವ ಮರಗಟ್ಟಿಸುವ ಕ್ರೀಮು ಇದೆ. ಮೊಣಕೈ ಒಳಭಾಗಕ್ಕೆ ದಪ್ಪಗೆ ಹಚ್ಚಿ, ತಿಕ್ಕದೆ, ಮೇಲೆ ಪ್ಲಾಸ್ಟಿಕ್ ಡ್ರೆಸ್ಸಿಂಗ್ ಅಂಟಿಸಿ ಕನಿಷ್ಠ ಒಂದು ಗಂಟೆ ಬಿಡಬೇಕು. ‘ಕ್ರೀಮು ಕೆಲಸ ಮಾಡಲಿಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಹತ್ತೇ ನಿಮಿಷಕ್ಕೆ ಒರೆಸಿದವರು. ಚರ್ಮ ಬಿಳಿಚಿಕೊಂಡು ನರ ಸಣ್ಣಗಾದಂತೆ ಕಾಣಬಹುದು, ಒರೆಸಿ ಸ್ವಲ್ಪ ಹೊತ್ತು ಕಾದರೆ ಸರಿಹೋಗುತ್ತದೆ. ಸಂಧಿವಾತದವರು ಒಂದು ಮಾತು ಗಮನಿಸಬೇಕು. ಸಲ್ಫಸಲಜಿನ್ ಅಥವಾ ಹೈಡ್ರಾಕ್ಸಿಕ್ಲೋರೋಕ್ವಿನ್ ಕೂಡ ನಡೆಯುತ್ತಿದ್ದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದರೆ, ವೈದ್ಯರನ್ನು ಕೇಳಿಯೇ ಹಚ್ಚಿ. ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಪ್ರಿಲೊಕೇನ್ ಕುಗ್ಗಿಸುವ ಅಪರೂಪದ ಅಪಾಯ ಇಂಥವರಲ್ಲಿ ಹೆಚ್ಚು.

ಲ್ಯಾಬಿನಲ್ಲಿ ಸಂಕೋಚ ಬಿಟ್ಟು ಮೊದಲೇ ಹೇಳಿ: ‘ನಾನು ಎಚ್ಚರ ತಪ್ಪುತ್ತೇನೆ, ಮಲಗಿಯೇ ಕೊಡುತ್ತೇನೆ. ಒಂದು ಸಲ ನರ ಸಿಗದಿದ್ದರೆ ಇನ್ನೊಂದೇ ಸಲ ನೋಡಿ, ಆಮೇಲೆ ಅನುಭವಸ್ಥರನ್ನು ಕರೆಯಿರಿ.’ ಮಂಚ ಇಲ್ಲದ ಲ್ಯಾಬಿಗಿಂತ ಮಂಚ ಇರುವ ಆಸ್ಪತ್ರೆ ಒಳ್ಳೆಯದು. ಮನೆಗೇ ಬಂದು ತೆಗೆಯುವುದಾದರೂ ಕುರ್ಚಿ ಬೇಡ. ರೆಕ್ಕೆಯಿರುವ ಸಣ್ಣ ‘ಬಟರ್‌ಫ್ಲೈ’ ಸೂಜಿ ಕೇಳಬಹುದು. ತೆಗೆಯುವುದು ನೇರಳೆ ಮುಚ್ಚಳದ ಒಂದು ಟ್ಯೂಬು, ಕೆಂಪು ಅಥವಾ ಹಳದಿಯ ಇನ್ನೊಂದು, ಎಲ್ಲ ಸೇರಿ ಒಂದೂವರೆ ಟೀ ಚಮಚದಷ್ಟು. ಮುಗಿದ ಮೇಲೆ ಹತ್ತು ನಿಮಿಷ ಮಲಗಿದ್ದು, ಕಾಲು ಇಳಿಬಿಟ್ಟು ಕುಳಿತು, ಆಮೇಲೆ ಏಳಿ. ಬಿಲ್ ಕೌಂಟರಿನ ಸಾಲಿನಲ್ಲಿ ನಿಂತು ಬೀಳುವವರೇ ಜಾಸ್ತಿ, ಹಣ ಮೊದಲೇ ಕಟ್ಟಿಬಿಡಿ.

ಇದೆಲ್ಲ ಮುಂದಿನ ಪರೀಕ್ಷೆ ದಾಟುವುದಕ್ಕೆ. ಭಯವೇ ಕರಗಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿರ ಹೋಗಬೇಕು: ಸೂಜಿಯ ಚಿತ್ರ, ರಕ್ತ ತೆಗೆಯುವ ವಿಡಿಯೊ, ಹತ್ತಿಯಲ್ಲಿ ಸ್ಪಿರಿಟ್ ವಾಸನೆ, ಮುಚ್ಚಳ ತೆಗೆಯದ ಸಿರಿಂಜ್ ಕೈಯಲ್ಲಿ, ತೋಳಿಗೆ ಒಂದು ನಿಮಿಷ ರಬ್ಬರ್ ಪಟ್ಟಿ, ಕೊನೆಗೆ ಲ್ಯಾಬಿಗೆ ಹೋಗಿ ಸುಮ್ಮನೆ ಕುಳಿತು ಬರುವುದು. ಭಯಕ್ಕೆ ಹತ್ತರಲ್ಲಿ ಅಂಕ ಕೊಟ್ಟುಕೊಳ್ಳಿ, ಅಂಕ ಅರ್ಧಕ್ಕೆ ಇಳಿಯುವ ತನಕ ಅಲ್ಲೇ ಇರಿ. ಎಂಟು ಇರುವಾಗ ಎದ್ದು ಓಡಿದರೆ ಭಯ ಇನ್ನಷ್ಟು ಬಲಿಯುತ್ತದೆ. ತಲೆ ಹಗುರಾದರೆ ಕೂಡಲೇ ಮೈ ಬಿಗಿಹಿಡಿಯಿರಿ. ಒಬ್ಬರೇ ಆಗದಿದ್ದರೆ ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆತಂಕ ಇಳಿಸುವ ಮಾತ್ರೆ ನುಂಗಿ ಹೋಗುವುದು ನನಗೆ ಒಪ್ಪಿಗೆಯಿಲ್ಲ, ಆ ಮಂಪರಿನಲ್ಲಿ ಮಿದುಳು ಏನನ್ನೂ ಕಲಿಯುವುದಿಲ್ಲ. ಪ್ರೊಪ್ರನಲಾಲ್ ಅಂತೂ ಬೇಡವೇ ಬೇಡ, ಕುಸಿಯುವ ಒತ್ತಡವನ್ನು ಅದು ಇನ್ನೂ ಇಳಿಸುತ್ತದೆ.

ಪ್ರಶ್ನೆ: ಅಪ್ಪನಿಗೆ 62 ವರ್ಷ. ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಮ್ ಮಾತ್ರೆ ನಡೆಯುತ್ತಿದೆ. ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ನೋಡುವ ಪಿಟಿ-ಐಎನ್‌ಆರ್ ಪರೀಕ್ಷೆಗೆ ಹೋದರೆ ಎದೆ ಹೊಡೆದುಕೊಂಡು ಕೈ ಎಳೆದುಕೊಳ್ಳುತ್ತಾರೆ, ಆದರೆ ಎಚ್ಚರ ತಪ್ಪಿಲ್ಲ. ಬೆರಳು ಚುಚ್ಚಿ ನೋಡಿದರೆ ಸಾಲದೆ? – ಒಬ್ಬ ಓದುಗ, ಹಾಸನ

ಉತ್ತರ: ಇವರಿಗೆ ಮೈ ಬಿಗಿಹಿಡಿಯುವುದು ಬೇಡ. ನಿಧಾನವಾಗಿ, ಒಳಗೆಳೆದದ್ದಕ್ಕಿಂತ ಹೆಚ್ಚು ಹೊತ್ತು ಉಸಿರು ಬಿಡುವುದು ಇಂಥವರಿಗೆ ಸರಿ. ಕೈ ಎಳೆದುಕೊಳ್ಳುವುದರಿಂದ ಬೇರೆ ತಾಪತ್ರಯವೂ ಇದೆ: ಈ ಪರೀಕ್ಷೆಯ ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ಇರುತ್ತದೆ, ಅದರ ಒಂಬತ್ತು ಪಾಲು ರಕ್ತ ಗೆರೆಯ ತನಕ ತುಂಬಲೇಬೇಕು. ಅರ್ಧಕ್ಕೆ ನಿಂತರೆ ಮತ್ತೆ ಚುಚ್ಚಬೇಕಾಗುತ್ತದೆ. ಆದ್ದರಿಂದ ತೋಳಿನ ಕೆಳಗೆ ದಿಂಬು ಇಟ್ಟು ಒಬ್ಬರು ಮೆಲ್ಲಗೆ ಹಿಡಿದಿರಲಿ.

ಬೆರಳ ತುದಿಯ ಹನಿಯಿಂದ ಐಎನ್‌ಆರ್ ತೋರಿಸುವ ಮೀಟರುಗಳಿವೆ, ಅವಕ್ಕೆ ಹಾಕುವ ಪರೀಕ್ಷಾ ಪಟ್ಟಿಗಳು ದುಬಾರಿ. ಮೊದಲು ಲ್ಯಾಬಿನ ಫಲಿತಾಂಶದ ಜೊತೆ ತಾಳೆ ನೋಡಬೇಕು. ಸಂಖ್ಯೆ ತುಂಬ ಹೆಚ್ಚು ಬಂದರೆ ನರದ ರಕ್ತದಿಂದಲೇ ಖಚಿತ ಮಾಡಿಕೊಳ್ಳಬೇಕು. ರಕ್ತಹೀನತೆ ತೀವ್ರವಾಗಿದ್ದರೆ ಮೀಟರು ತಪ್ಪು ತೋರಿಸಬಹುದು. ಹೃದ್ರೋಗ ತಜ್ಞರು ಒಪ್ಪಿದರೆ ಕೊಳ್ಳಿ. ಅಲ್ಲಿಯ ತನಕ, ಸೂಜಿ ತೆಗೆದ ಮೇಲೆ ಕೈ ಚಾಚಿಯೇ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ. ಮೊಣಕೈ ಮಡಚಿದರೆ ಅಸಿಟ್ರೋಮ್ ತೆಗೆದುಕೊಳ್ಳುವವರ ಕೈ ನೀಲಿಗಟ್ಟುತ್ತದೆ, ಮುಂದಿನ ಸಲ ಆ ಕೈ ಚಾಚಲು ಇನ್ನಷ್ಟು ಹಿಂಜರಿಯುತ್ತಾರೆ.