ಪ್ರೋಗ್ರಾಮಿಂಗ್ ಗೊತ್ತಿಲ್ಲದವರು ಮೊದಲ ಗೇಮ್ ಹೇಗೆ ಮಾಡುವುದು?

ನಿಮ್ಮ ಪ್ರಶ್ನೆಯಲ್ಲಿ ಮೂರು ವಿಷಯ ಇವೆ: ಓದಿದ್ದು ಬಿ.ಕಾಂ., ಕೋಡಿಂಗ್ ಬರುವುದಿಲ್ಲ. ಇರುವುದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್. ಮಾಡಬೇಕಿರುವುದು ಹಳ್ಳಿ, ಕಾಡು, ಕಥೆ, ಕನ್ನಡ ಸಂಭಾಷಣೆ ಎಲ್ಲಾ ಇರುವ ಗೇಮ್. ಮೊದಲು ಯಾವ ಭಾಷೆ ಕಲಿಯಲಿ ಅಂತ ಕೇಳಿದ್ದೀರಿ.

ಭಾಷೆಯನ್ನು ಬೇರೆಯಾಗಿ ಕಲಿಯೋಕೆ ಕೂರಬೇಡಿ, ಒಂದು ಪುಟ್ಟ ಗೇಮ್ ಮಾಡುತ್ತಲೇ ಕಲಿಯಿರಿ. ಗೇಮ್ ತಯಾರಿಸುವ ಸಾಫ್ಟ್‌ವೇರ್ ಆದ ಗೊಡೋ (Godot) ಎಂಜಿನ್‌ನ 4ನೇ ಸರಣಿಯ ಹೊಸ ಆವೃತ್ತಿ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಮಾಡುವ ಕೆಲಸವೂ ಇಲ್ಲ, ಜಿಪ್ ಬಿಚ್ಚಿ ಓಪನ್ ಮಾಡಿದರೆ ಆಯಿತು. ಎಂಐಟಿ ಎಂಬ ಮುಕ್ತ ಬಳಕೆಯ ಲೈಸೆನ್ಸ್ ಇರುವುದರಿಂದ ನಾಳೆ ಗೇಮ್ ಮಾರಿದರೂ ಯಾರಿಗೂ ಪಾಲು ಕೊಡಬೇಕಿಲ್ಲ. ಅದರ ಕೋಡಿಂಗ್ ಭಾಷೆ ಜಿಡಿಸ್ಕ್ರಿಪ್ಟ್, ನೋಡಲು ಪೈಥಾನ್ ಭಾಷೆಯ ಥರ ಇರುತ್ತದೆ. ಯೂನಿಟಿ ಎಂಬ ಇನ್ನೊಂದು ಎಂಜಿನ್ನೂ ಒಳ್ಳೆಯದೇ, ಆದರೆ ಹಳೇ ಲ್ಯಾಪ್‌ಟಾಪ್‌ಗೆ ಭಾರ. ಗೊಡೋದಲ್ಲಿ ಹೊಸ ಪ್ರಾಜೆಕ್ಟ್ ತೆರೆಯುವಾಗ ರೆಂಡರರ್ (ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ) ಯಾವುದು ಎಂದು ಕೇಳುತ್ತದೆ, ಕಂಪ್ಯಾಟಿಬಿಲಿಟಿ ಆರಿಸಿ. ಹಳೇ ಯಂತ್ರದಲ್ಲಿ ಓಡುವುದೂ ಅದೇ, ಮುಂದೆ ಬ್ರೌಸರ್‌ಗೆ ಬೇಕಾಗುವುದೂ ಅದೇ.

ಯೂಟ್ಯೂಬ್ ಪಾಠ ನೋಡುವಾಗ ಒಂದು ಎಚ್ಚರ. ಪಾಠದಲ್ಲಿ 'ಕೈನೆಮ್ಯಾಟಿಕ್‌ಬಾಡಿ' ಅನ್ನುವ ಹೆಸರು ಕಂಡರೆ ಅದು ಗೊಡೋ 3ರದ್ದು, ಪಕ್ಕಕ್ಕಿಡಿ. 4ರಲ್ಲಿ ಅದು 'ಕ್ಯಾರೆಕ್ಟರ್‌ಬಾಡಿ' ಆಗಿದೆ, ಹಲವು ಫಂಕ್ಷನ್‌ಗಳ (ಹೆಸರಿಟ್ಟ ಆಜ್ಞೆಗಳ) ಬಳಕೆಯೂ ಬದಲಾಗಿದೆ. ಹೊಸಬರು ಕಾಣುವ ಕೆಂಪು ಎರರ್‌ಗಳಲ್ಲಿ ಹಲವು ಈ ಗೊಂದಲದಿಂದಲೇ ಬರುತ್ತವೆ.

ಕಾಡಿನ ಕಥೆಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೊದಲ ಗೇಮ್ ಇಷ್ಟೇ ಇರಲಿ: ಮೇಲಿನಿಂದ ಮಾವಿನಹಣ್ಣು ಬೀಳುತ್ತದೆ, ಕೆಳಗೆ ಬುಟ್ಟಿ ಎಡಕ್ಕೂ ಬಲಕ್ಕೂ ಓಡುತ್ತದೆ, ಹಿಡಿದರೆ ಒಂದು ಪಾಯಿಂಟ್, ಮೂರು ಹಣ್ಣು ತಪ್ಪಿದರೆ ಆಟ ಮುಗಿಯಿತು, ಬಟನ್ ಒತ್ತಿದರೆ ಮತ್ತೆ ಶುರು. ದಿನಕ್ಕೆ ಒಂದು ಗಂಟೆ ಕೂತರೆ ಎರಡು-ಮೂರು ವಾರದ ಕೆಲಸ. ಚಿತ್ರ ಬಿಡಿಸಲು ಕೂರಬೇಡಿ, ಬಣ್ಣದ ಚೌಕಗಳೇ ಸಾಕು. ಚಂದ ಬೇಕೆನಿಸಿದರೆ ಕೆನ್ನಿ ಜಾಲತಾಣದ ಚಿತ್ರಗಳು ಸಿಸಿ-ಝೀರೋ ಲೈಸೆನ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಗೊಡೋದಲ್ಲಿ ಗೇಮ್‌ನ ಒಂದೊಂದು ಭಾಗವೂ ಒಂದು ಸೀನ್. ಸೀನ್ ಆಗುವುದು ನೋಡ್ ಎಂಬ ತುಂಡುಗಳಿಂದ, ಎಲ್ಲಕ್ಕೂ ಮೇಲಿರುವ ನೋಡ್ ಅದರ ಬೇರು. ಹಣ್ಣು ಒಂದು ಸೀನ್: ಬೇರಿನಲ್ಲಿ ಏರಿಯಾ-2ಡಿ (ಏನಾದರೂ ತಾಗಿತೇ ಎಂದು ಗಮನಿಸುವ ನೋಡ್), ಅದರೊಳಗೆ ಸ್ಪ್ರೈಟ್ (ಚಿತ್ರ) ಮತ್ತು ಕೊಲಿಶನ್ ಶೇಪ್ (ತಾಗುವ ಗಡಿ). ಬುಟ್ಟಿ ಇನ್ನೊಂದು ಸೀನ್: ಬೇರಿನಲ್ಲಿ ಕ್ಯಾರೆಕ್ಟರ್‌ಬಾಡಿ-2ಡಿ (ಆಟಗಾರ ಓಡಿಸುವ ವಸ್ತು), ಒಳಗೆ ಅದೇ ಎರಡು. ಮುಖ್ಯ ಸೀನ್‌ನಲ್ಲಿ ಬುಟ್ಟಿ, ಸ್ಕೋರ್ ತೋರಿಸಲು ಒಂದು ಲೇಬಲ್, 1 ಸೆಕೆಂಡಿನ ಟೈಮರ್. ಟೈಮರ್‌ನ ಆಟೋಸ್ಟಾರ್ಟ್ ಆನ್ ಮಾಡುವುದನ್ನು ಮರೆತರೆ ಒಂದು ಹಣ್ಣೂ ಬೀಳುವುದಿಲ್ಲ. ಟೈಮರ್ ಮುಗಿದಾಗಲೆಲ್ಲ ಹಣ್ಣಿನ ಸೀನ್‌ನ ಹೊಸ ಪ್ರತಿ ಮಾಡಿ, ಅಡ್ಡಲಾಗಿ 40ರಿಂದ 1112ರ ನಡುವೆ ಎಲ್ಲಾದರೂ ಇಡಿ. ಗೊಡೋದ ಮಾಮೂಲಿ ಪರದೆ 1152×648 ಪಿಕ್ಸೆಲ್. ವೈ (y) ಎನ್ನುವ ಎತ್ತರದ ಲೆಕ್ಕ ಇಲ್ಲಿ ತಲೆಕೆಳಗು: ಮೇಲ್ತುದಿ 0, ಕೆಳಗೆ ಹೋದಂತೆ ವೈ ಹೆಚ್ಚುತ್ತದೆ. ಹಣ್ಣಿನ ವೈ 700 ದಾಟಿದಾಗ ತಪ್ಪಿದ ಲೆಕ್ಕಕ್ಕೆ ಸೇರಿಸಿ ಅದನ್ನು ಅಳಿಸಿಬಿಡಿ. ಅಳಿಸದಿದ್ದರೆ ಕಣ್ಣಿಗೆ ಕಾಣದ ಹಣ್ಣುಗಳು ಬೀಳುತ್ತಲೇ ಇರುತ್ತವೆ.

ಇನ್ನು 'ಡೆಲ್ಟಾ'. ಇದನ್ನು ಅರ್ಥ ಮಾಡಿಕೊಳ್ಳದೆ ಮುಂದೆ ಹೋಗಬೇಡಿ. ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳೇ ಫ್ರೇಮ್‌ಗಳು; ಹಿಂದಿನ ಫ್ರೇಮ್‌ನಿಂದ ಈ ಫ್ರೇಮ್‌ವರೆಗೆ ಎಷ್ಟು ಸೆಕೆಂಡ್ ಕಳೆಯಿತು ಅನ್ನುವ ಸಂಖ್ಯೆ ಅದು. ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದರೆ ಸುಮಾರು 0.0167. ಹಣ್ಣು ಪ್ರತಿ ಫ್ರೇಮ್‌ಗೆ 5 ಪಿಕ್ಸೆಲ್ ಇಳಿಯಲಿ ಅಂತ ನೇರವಾಗಿ ಬರೆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿಯೇ ಕಾಣುತ್ತದೆ. ಅದೇ ಗೇಮ್ ಗೆಳೆಯರ 144 ಹರ್ಟ್ಸ್ ಮಾನಿಟರ್‌ಗೆ ಹೋದರೆ ಹಣ್ಣು 2.4 ಪಟ್ಟು ವೇಗವಾಗಿ ಬಿದ್ದು ಆಟ ಕೆಡುತ್ತದೆ. ಹಾಗಾಗಿ ಸೆಕೆಂಡಿಗೆ 300 ಪಿಕ್ಸೆಲ್ ಎಂದುಕೊಂಡು 300ನ್ನು ಡೆಲ್ಟಾದಿಂದ ಗುಣಿಸಿ ಹಣ್ಣಿನ ವೈಗೆ ಕೂಡಬೇಕು.

ಬುಟ್ಟಿಯ ವಿಷಯದಲ್ಲಿ ಇದೇ ನಿಯಮ ಉಲ್ಟಾ ಹೊಡೆಯುತ್ತದೆ. ಅಲ್ಲಿ ವೆಲಾಸಿಟಿಯನ್ನು (ವೇಗವನ್ನು) 400 ಅಂತ ಕೊಟ್ಟು 'ಮೂವ್ ಅಂಡ್ ಸ್ಲೈಡ್' ಕರೆಯುತ್ತೀರಿ. ಆ ಫಂಕ್ಷನ್ ಡೆಲ್ಟಾವನ್ನು ತಾನೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನೀವೂ ಒಂದು ಸಲ ಗುಣಿಸಿದರೆ ಬುಟ್ಟಿ ಸೆಕೆಂಡಿಗೆ 7 ಪಿಕ್ಸೆಲ್‌ನಂತೆ ಬಸವನಹುಳುವಾಗುತ್ತದೆ. ಆಗ 400ನ್ನು 24000 ಮಾಡಿ 'ಸರಿಹೋಯ್ತು' ಅನ್ನುವವರೂ ಇದ್ದಾರೆ. ಬೇಡ, ಗುಣಾಕಾರ ತೆಗೆಯಿರಿ.

ಹಣ್ಣು ಬುಟ್ಟಿಗೆ ಸಿಗದೆ ಅದನ್ನು ತೂರಿಕೊಂಡು ಕೆಳಗೆ ಹೋಗುತ್ತಿದ್ದರೆ ಕಾರಣವನ್ನು ಹೀಗೆ ಹುಡುಕಿ. ಡೀಬಗ್ ಮೆನುವಿನಲ್ಲಿ ಕೊಲಿಶನ್ ಶೇಪ್ ಕಾಣುವಂತೆ ಮಾಡಿ ಗೇಮ್ ಓಡಿಸಿ. ನೋಡ್ ಪಕ್ಕ ಹಳದಿ ತ್ರಿಕೋನ ಇದ್ದರೆ ಶೇಪ್ ಹಾಕಿಯೇ ಇಲ್ಲ ಎಂದರ್ಥ. ಶೇಪ್ ಇದ್ದರೆ, ಹಣ್ಣಿನಲ್ಲಿ 'ಬಾಡಿ ಎಂಟರ್ಡ್' ಸಿಗ್ನಲ್ (ತಾಗಿದಾಗ ಬರುವ ಸೂಚನೆ) ಜೋಡಿಸಿದ್ದೀರಾ ನೋಡಿ. ಬುಟ್ಟಿ ಬಾಡಿಯಾದ್ದರಿಂದ 'ಏರಿಯಾ ಎಂಟರ್ಡ್' ಅದಕ್ಕೆ ಓಗೊಡುವುದಿಲ್ಲ. ಅದೂ ಸರಿ ಇದ್ದರೆ ಹಣ್ಣಿನ ಮಾಸ್ಕ್‌ನಲ್ಲಿ (ಯಾವ ಲೇಯರ್‌ಗಳನ್ನು ಗಮನಿಸಬೇಕು ಅನ್ನುವ ಪಟ್ಟಿಯಲ್ಲಿ) ಬುಟ್ಟಿಯ ಲೇಯರ್ ಟಿಕ್ ಆಗಿದೆಯಾ ನೋಡಿ. ವೇಗ ಹೆಚ್ಚಿಸಿದ ಮೇಲಷ್ಟೇ ತಪ್ಪುತ್ತಿದ್ದರೆ ಕಾರಣ ಬೇರೆ: ಸೆಕೆಂಡಿಗೆ 2400 ಪಿಕ್ಸೆಲ್ ಎಂದರೆ ಫ್ರೇಮ್‌ಗೆ 40 ಪಿಕ್ಸೆಲ್ ಜಿಗಿತ, ಹಣ್ಣೂ ಬುಟ್ಟಿಯೂ ತೆಳ್ಳಗಿದ್ದರೆ ಎರಡು ಫ್ರೇಮ್‌ಗಳ ನಡುವೆಯೇ ದಾಟಿಬಿಡುತ್ತದೆ. ಬುಟ್ಟಿಯ ಶೇಪ್ ದಪ್ಪ ಮಾಡಿ.

'ಮತ್ತೆ ಆಡು' ಬಟನ್ ಸುಲಭ ಅನಿಸುತ್ತದೆ, ಆದರೆ ಅಲ್ಲಿಯೂ ಸಿಕ್ಕಿಬೀಳುವುದುಂಟು. ಆಟ ಮುಗಿದಾಗ ಪಾಜ್ ಮಾಡಿದರೆ (ತಡೆದು ನಿಲ್ಲಿಸಿದರೆ) ಬಟನ್ ಕೂಡ ಪಾಜ್ ಆಗುತ್ತದೆ. ಅದರ ಪ್ರೋಸೆಸ್ ಮೋಡ್ 'ಆಲ್ವೇಸ್' ಇರಬೇಕು. ಸೀನ್ ರೀಲೋಡ್ ಮಾಡಿದ ಮಾತ್ರಕ್ಕೆ ಪಾಜ್ ಬಿಡುವುದಿಲ್ಲ. ಅದನ್ನು ನೀವೇ ತೆಗೆಯಬೇಕು, ಇಲ್ಲದಿದ್ದರೆ ಹೊಸ ಆಟ ಕಲ್ಲಿನಂತೆ ನಿಲ್ಲುತ್ತದೆ. ಸ್ಕೋರನ್ನು ಆಟೋಲೋಡ್‌ನಲ್ಲಿ (ಸೀನ್ ಬದಲಾದರೂ ಉಳಿಯುವ ಭಾಗದಲ್ಲಿ) ಇಟ್ಟಿದ್ದರೆ ಅದೂ ಹಳೆಯದೇ ಉಳಿಯುತ್ತದೆ, ಸೊನ್ನೆ ಮಾಡಿ.

ಕನ್ನಡದ ಬಗ್ಗೆ: ಗೊಡೋ 3ರಲ್ಲಿ ಒತ್ತಕ್ಷರಗಳು ಒಡೆದು ಕಾಣುತ್ತಿದ್ದವು, 2023ರಲ್ಲಿ ಬಂದ 4ರಲ್ಲಿ ಸರಿಯಾಗಿವೆ. ಆದರೆ ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಫೈಲನ್ನು ಪ್ರಾಜೆಕ್ಟಿನೊಳಗೇ ಇಡಿ. ನಿಮ್ಮ ಕಂಪ್ಯೂಟರ್‌ನಲ್ಲಿ ಸಿಸ್ಟಮ್ ಫಾಂಟ್‌ನಿಂದಾಗಿ ಕನ್ನಡ ಬರಬಹುದು, ಬ್ರೌಸರ್‌ನಲ್ಲಿ ಬರೀ ಚೌಕಗಳೇ. ಮುಂದೆ ಸಂಭಾಷಣೆಯನ್ನು ಟೈಪ್ ಮಾಡಿದಂತೆ ಒಂದೊಂದೇ ಅಕ್ಷರ ತೋರಿಸಲು ಹೊರಟಾಗ ಇನ್ನೊಂದು ಕಾಟ: 'ಕ್ರಿ' ನಮಗೆ ಒಂದು ಅಕ್ಷರ, ಕಂಪ್ಯೂಟರ್‌ಗೆ ನಾಲ್ಕು. ಹಾಗೇ ಬಿಟ್ಟರೆ ಮೊದಲು ಕ, ಆಮೇಲೆ ಕ್, ಆಮೇಲೆ ಕ್ರ ಎಂದು ಅಕ್ಷರ ಕುಣಿಯುತ್ತದೆ. ಲೇಬಲ್‌ನ 'ವಿಸಿಬಲ್ ಕ್ಯಾರೆಕ್ಟರ್ಸ್ ಬಿಹೇವಿಯರ್' ಅನ್ನು 'ಆಫ್ಟರ್ ಶೇಪಿಂಗ್'ಗೆ ಬದಲಿಸಿ.

ಹೊರಗೆ ಬಿಡುವುದಾದರೆ ಮೊದಲು ಇಚ್ ಡಾಟ್ ಐಓ (itch.io) ಎಂಬ ಗೇಮ್ ಹಂಚುವ ಜಾಲತಾಣ. ಎಕ್ಸ್‌ಪೋರ್ಟ್ ಟೆಂಪ್ಲೇಟನ್ನು (ಗೊಡೋದ ಹೊರಗೆ ಗೇಮ್ ಓಡುವಂತೆ ಮಾಡುವ ಫೈಲ್‌ಗಳನ್ನು) ಬೇರೆಯಾಗಿ ಇಳಿಸಬೇಕು, ಅದು ಎಂಜಿನ್‌ಗಿಂತ ಹಲವು ಪಟ್ಟು ದೊಡ್ಡದು. ವೆಬ್ ಎಕ್ಸ್‌ಪೋರ್ಟ್‌ನ ಮುಖ್ಯ ಫೈಲಿನ ಹೆಸರು ಇಂಡೆಕ್ಸ್ ಎಂದೇ ಇರಬೇಕು, ಫೈಲ್‌ಗಳೆಲ್ಲವನ್ನೂ ಜಿಪ್ ಮಾಡಿ ಏರಿಸಿ, ಬ್ರೌಸರ್‌ನಲ್ಲಿ ಆಡುವ ಫೈಲ್ ಎಂದು ಟಿಕ್ ಹಾಕಿ. ಎಡಿಟರ್‌ನಲ್ಲಿ ಓಡಿದ್ದು ಇಲ್ಲಿ ಓಡದಿದ್ದರೆ ಫೈಲ್ ಹೆಸರುಗಳ ಇಂಗ್ಲಿಷ್ ದೊಡ್ಡಕ್ಷರ-ಚಿಕ್ಕಕ್ಷರ ನೋಡಿ. ವಿಂಡೋಸ್ ಅದನ್ನು ಲೆಕ್ಕಿಸುವುದಿಲ್ಲ, ಎಕ್ಸ್‌ಪೋರ್ಟ್ ಆದ ಗೇಮ್ ಲೆಕ್ಕಿಸುತ್ತದೆ. ಎಲ್ಲವನ್ನೂ ಚಿಕ್ಕಕ್ಷರದಲ್ಲೇ ಬರೆದರೆ ಈ ತಲೆನೋವಿಲ್ಲ. ಮೊದಲ ಕ್ಲಿಕ್ ಆಗುವವರೆಗೆ ಬ್ರೌಸರ್ ಸದ್ದು ಬಿಡುವುದಿಲ್ಲ, ಅದು ನಿಮ್ಮ ತಪ್ಪಲ್ಲ. ಒಂದು 'ಶುರು' ಬಟನ್ ಇಟ್ಟರೆ ಮುಗಿಯಿತು.

ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಒಂದು ಗೇಮ್‌ಗೆ 100 ಡಾಲರ್. ಪ್ಲೇ ಸ್ಟೋರ್‌ಗೆ ಒಂದೇ ಸಲ 25 ಡಾಲರ್, ಜೊತೆಗೆ ಹೊಸ ವೈಯಕ್ತಿಕ ಖಾತೆಯಾದರೆ 12 ಜನ ಸತತ 14 ದಿನ ಟೆಸ್ಟಿಂಗ್‌ನಲ್ಲಿ ಇರಬೇಕು. ಮಾವಿನಹಣ್ಣಿನ ಆಟಕ್ಕೆ ಎರಡೂ ಬೇಡ, ಆ ದುಡ್ಡನ್ನು ಕಾಡಿನ ಕಥೆಗೆ ಇಟ್ಟುಕೊಳ್ಳಿ.