ಪೀಕಿ ಬ್ಲೈಂಡರ್ಸ್ ಸೀರಿಯಲ್‌ನಲ್ಲಿ ಇಷ್ಟೊಂದು ರಕ್ತ ಇದ್ದರೂ ಜನ ಯಾಕೆ ಮುಗಿಬಿದ್ದು ನೋಡ್ತಾರೆ? ಅದೆಲ್ಲ ನಿಜವಾಗಿ ನಡೆದದ್ದಾ?

ಬರೀ ಹೊಡೆದಾಟ ಇದ್ದಿದ್ದರೆ ಎರಡೇ ಕಂತಿಗೆ ಬೇಜಾರಾಗುತ್ತಿತ್ತು. ಕಥೆ ಶುರುವಾಗುವುದು 1919ರಲ್ಲಿ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಪೀಕಿ ಬ್ಲೈಂಡರ್ಸ್ ಅನ್ನೋ ಗ್ಯಾಂಗಿನ ನಾಯಕ ಥಾಮಸ್ ಶೆಲ್ಬಿ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ನೆಲದಡಿ ಸುರಂಗ ತೋಡಿ ಬಂದವನು. ರಾತ್ರಿ ಮಲಗಿದರೆ ಗೋಡೆಯಾಚೆ ಗುದ್ದಲಿ ಸದ್ದು ಕೇಳಿದಂತಾಗುತ್ತದೆ. ಕೊಲ್ಲುವುದನ್ನು ಸರ್ಕಾರವೇ ಕಲಿಸಿ ಪದಕ ಕೊಟ್ಟು ಕಳಿಸಿದೆ. ಈಗ ಅದೇ ಕೈ ಕುದುರೆ ಜೂಜಿನ ದಂಧೆಗಿಳಿದರೆ ತಪ್ಪು ಯಾರದ್ದು? ನಮ್ಮನ್ನು ಹಿಡಿದು ಕೂರಿಸುವುದು ಈ ಪ್ರಶ್ನೆ.

ಜೊತೆಗೆ ಸೂಟು, ಹೊಗೆ, ಸ್ಲೋ ಮೋಷನ್ ನಡಿಗೆ, ಹಿಂದೆ ಇವತ್ತಿನ ರಾಕ್ ಸಂಗೀತ. ನನಗೆ ಕಿರಿಕಿರಿ ಆಗುವುದೂ ಇಲ್ಲೇ. ಕತ್ತು ಕೊಯ್ಯುವುದನ್ನೂ ಬಟ್ಟೆ ಜಾಹೀರಾತಿನಷ್ಟು ಚೆಂದ ಮಾಡಿ ತೋರಿಸುತ್ತಾರೆ.

ಇನ್ನು ನಿಜದ ವಿಷಯ. ಆ ಹೆಸರಿನ ಗ್ಯಾಂಗ್ ಇದ್ದದ್ದು ನಿಜ, ಆದರೆ ಅವರ ಅಬ್ಬರ 1890ರ ದಶಕದ್ದು. 1919ರ ಹೊತ್ತಿಗೆ ಅವರ ಕಾಲ ಮುಗಿದಿತ್ತು. ಪೊಲೀಸ್ ದಾಖಲೆಯಲ್ಲಿ ಸಿಗುವ ಅಪರಾಧಗಳೂ ಹೆಚ್ಚಾಗಿ ಸಣ್ಣವೇ. ಒಬ್ಬ ಸಿಕ್ಕಿಬಿದ್ದದ್ದು ಸೈಕಲ್ ಕದ್ದು! ಸೀರಿಯಲ್‌ನಲ್ಲಿ ತೋರಿಸುವ ಹಾಗೆ ಟೋಪಿ ಅಂಚಿನಲ್ಲಿ ಬ್ಲೇಡ್ ಇಡುತ್ತಿದ್ದರು ಅನ್ನುವುದನ್ನು ಇತಿಹಾಸಕಾರ ಕಾರ್ಲ್ ಚಿನ್ ಒಪ್ಪುವುದಿಲ್ಲ. ಆಗ ಬ್ಲೇಡ್ ದುಬಾರಿ, ಬಡ ಹುಡುಗರ ಕೈಗೆ ಎಲ್ಲಿಂದ ಬರಬೇಕು? ಬೆಲ್ಟಿನ ಬಕಲ್, ಬೂಟು, ಕಲ್ಲು, ಇವೇ ಅವರ ಆಯುಧ. ಬಡಿಸಿಕೊಂಡವರಿಗೆ ಅದೇನೂ ಕಡಿಮೆ ಇರಲಿಲ್ಲ ಬಿಡಿ.

ಒಟ್ಟು 6 ಸೀಸನ್, 36 ಕಂತು. ರಕ್ತ ಕಂಡರೆ ಆಗಲ್ಲ ಅನ್ನುವವರು ಮೊದಲ ಕಂತು ನೋಡಿ ನಿರ್ಧರಿಸಿ. ಮಕ್ಕಳ ಜೊತೆ ಮಾತ್ರ ಬೇಡ.